ಯಾರ ಪೈಕಿ

ಮೂರನೆಯ ಸಲವೂ ಮಲ್ಲಿಕಾಳ ತಲೆ ಎಡಕ್ಕೇ ವಾಲಿತು.

ಮೈ ತೊಳೆದು, ಅವಳಿಗೆ ಇಷ್ಟವಾದ ನೀಲಿ ಹತ್ತಿ ಸೀರೆ ಉಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಎಡಗೈಯಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಗದ್ದಕ್ಕೆ ಬಿಳಿ ಬಟ್ಟೆಯ ಆಸರೆ ಕೊಟ್ಟು ಗೋಡೆಯ ಗೂಟಕ್ಕೆ ಬಿಗಿದರೂ ಕತ್ತು ನೆಟ್ಟಗೆ ನಿಲ್ಲಲೊಲ್ಲದು. ಅಣ್ಣ ಜಗದೇವಪ್ಪ ಗಂಟು ಬಿಚ್ಚಿ ಮತ್ತೆ ಬಿಗಿಯಲು ಹೋದಾಗ ನೀಲಗಂಗಮ್ಮ ಅವನ ಕೈ ಹಿಡಿದಳು.

"ಬಿಡೋ ಜಗದೇವ. ಆಕಿ ಕುಂದ್ರೂದ ಹಂಗ. ಸಣ್ಣಾಕಿ ಇದ್ದಾಗಿಂದ ಹಂಗ. ಏನರೆ ಲಕ್ಷ ಕೊಟ್ಟು ನೋಡ್ಲಕತ್ತಳಂದ್ರ ಕುತ್ತಿಗಿ ಎಡಕ್ಕ ಹೊಳ್ಳತಿತ್ತು."

"ಮಂದಿ ಏನಂತಾರ ಅತ್ತಿ?"

"ಮಂದಿ ನೋಡ್ಲಿ. ನೋಡ್ಲಿಕ್ಕೇ ಬಂದಾರ."

ಹಾಗೆ ಹೇಳಿ ಮಲ್ಲಿಕಾಳ ಹಣೆಯ ಮೇಲೆ ಅಂಗೈ ಇಟ್ಟಳು. ಕಾಲಡಿಯ ಶಹಾಬಾದ್ ಕಲ್ಲಿನಷ್ಟೇ ತಣ್ಣಗಿತ್ತು. ಇಟ್ಟ ಕೈಯನ್ನು ಬೇಗ ತೆಗೆದುಬಿಟ್ಟಳು. ಸೊಂಟದ ಮೇಲೆ ಹೊತ್ತು ಬೆಳೆಸಿದ ಮೈ ಅದು. ಜ್ವರ ಬಂದಿದೆಯೇ ಎಂದು ನೂರಾರು ಸಲ ಮುಟ್ಟಿ ನೋಡಿದ ಹಣೆ ಅದು.

ನೀಲಗಂಗಮ್ಮ ಆ ಇಬ್ಬರಿಗೂ ಸೋದರತ್ತೆ. ಗಂಡ ತೀರಿದ ಮೇಲೆ ತವರೂರು ಕಮಲಾಪುರಕ್ಕೆ ಬಂದು ನಿಂತವಳು. ಮಲ್ಲಿಕಾ ಹಾಲು ಬಿಡುವ ಮುಂಚೆಯೇ ತಾಯಿ ಸತ್ತಾಗ ಆ ಕೂಸಿಗೆ ತಾಯಿಯಾದವಳು. ಈಗ ಎಂಬತ್ತರ ಆಸುಪಾಸು. ಬಾಯಲ್ಲಿ ಹಲ್ಲೆಲ್ಲ ಉದುರಿದ್ದವು, ಪ್ರಶ್ನೆ ಮಾತ್ರ ಒಂದೂ ಉದುರಿರಲಿಲ್ಲ. ಆ ಮನೆಯ ಹೊಸ್ತಿಲು ದಾಟಬೇಕಾದರೆ ಯಾರೇ ಆಗಲಿ ಅವಳ ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು: "ಯಾರ ಪೈಕಿ?" ಯಾರ ಮಗ, ಯಾರ ಅಳಿಯ, ಯಾವ ಮನೆತನದ ಬಳ್ಳಿ ಎಂಬುದು ತಿಳಿಯದೆ ಅವಳು ನೀರು ಸಹ ಕೊಡುತ್ತಿರಲಿಲ್ಲ. ಜನಗಣತಿಗೆ ಬಂದ ಮಾಸ್ತರರು ಕಾಗದ ಬಿಡಿಸುವಷ್ಟರಲ್ಲಿ ಅವಳೇ ಅವರ ಮನೆತನದ ಗಣತಿ ಮುಗಿಸಿ, ಚಹಾ ಕುಡಿಸಿ ಕಳಿಸಿದ್ದಳು.

ಇವತ್ತೂ ಬಿಡಲಿಲ್ಲ. ಹೆಣದ ಬಲಕ್ಕೆ ಕೂತು, ಅಳು ಬಂದಾಗ ಅತ್ತು, ಅಳು ನಿಂತಾಗ ಬಂದವರನ್ನು ವಿಚಾರಿಸುತ್ತಿದ್ದಳು. ಸುತ್ತ ಕೂತ ಹೆಂಗಸರು ಸತ್ತವಳ ಮೇಲಿನ ಹಳೆಯ ಮುನಿಸನ್ನು ಮೆಲ್ಲಗೆ ಹೊರತೆಗೆದಿದ್ದರು.

"ನಮ್ಮ ಮಗಳ ಮದುವಿಗಿ ಬಂದಾಕಿ ಅಕ್ಕಿಕಾಳ ಹಾಕಿ ಹಂಗೇ ಬಸ್ ಹತ್ತಿದಳು ನೋಡ್ರಿ. ಉಣ್ಣವಾ ಅಂದ್ರ, ಸೆಲ್ಲಿಗೆ ಊಟ ಹಾಕೂದದ ಅಂದಳು."

"ನಮ್ಮ ಹೊಸಾ ಮನಿ ಪ್ರವೇಶಕ್ಕೂ ಹಂಗೇ. ಮನಿ ಮಂದೀಗಿಂತ ಆಕೀಗಿ ಸೆಲ್ ಹೆಚ್ಚಾಗಿದ್ವು."

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಮೂವತ್ತರ ಹುಡುಗಿ. ತಲೆಯ ಮೇಲೆ ಕಪ್ಪು ಓಢಣಿ, ಕೊರಳಲ್ಲಿ ಗುರುತಿನ ಚೀಟಿ. ಬರುವಾಗ ಅದನ್ನು ತೆಗೆದಿಡುವುದೂ ಮರೆತುಹೋಗಿತ್ತು.

"ಯಾರ ಪೈಕಿ ಯವ್ವಾ ನೀ?"

"ಮುಬಶ್ಶಿರಾ ಅಂತ್ರಿ ಅಮ್ಮಾ. ಕಲಬುರಗಿಂದ ಬಂದೀನಿ."

"ಹೆಸರ ಕೇಳಲಿಲ್ಲ ನಾ. ಯಾರ ಪೈಕಿ?"

ಹುಡುಗಿ ಗೋಡೆಗೊರಗಿ ಕೂತವಳನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಇದ್ದುದನ್ನೇ ಹೇಳಿಬಿಟ್ಟಳು.

"ಮೇಡಂ ಅವರ ಸೆಲ್ ನೋಡ್ಕೊಳಾಕಿರಿ. ಆ ಪೈಕಿ."

"ಆಕಿ ಫೋನ್ ನನ್ನ ಕಿಸೇದಾಗ ಅದ," ಎಂದ ಜಗದೇವಪ್ಪ.

"ಫೋನ್ ಅಲ್ಲೋ," ಎಂದಳು ನೀಲಗಂಗಮ್ಮ. ಅವಳ ಕಿವಿ ನಿಮಿರಿದ್ದವು.

*

ಈ ಸೆಲ್ಲಿನ ಗೊಂದಲ ಕಮಲಾಪುರದಲ್ಲಿ ಹಳೆಯದು.

ಮಲ್ಲಿಕಾ ದೊಡ್ಡ ಓದು ಮುಗಿಸಿ, ಕಲಬುರಗಿಯಲ್ಲಿ ಕೆಲಸ ಹಿಡಿದು, ಐವಾನ್-ಎ-ಶಾಹಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಮಾಡಿದ ಹೊಸತು. ಊರಿಗೆ ಬಂದಾಗ ಅತ್ತೆ ಕೇಳಿದಳು, ಏನು ಕೆಲಸ ನಿನ್ನದು ಎಂದು. "ಸೆಲ್ಲಿನ ಮ್ಯಾಲ ಕೆಲಸ ಅತ್ತಿ," ಎಂದಳು ಅವಳು. ಮರುದಿನ ಮುಂಜಾನೆ ಅತ್ತೆ ಒಂದು ಮೊರದ ತುಂಬ ಬ್ಯಾಟರಿಯ ಹಳೆಯ ಸೆಲ್ಲುಗಳನ್ನು ತಂದು ಮುಂದಿಟ್ಟಳು. ರಾತ್ರಿ ಕರೆಂಟು ಬಂದಾಗ ಬಾಳೆಗೆ ನೀರು ಬಿಡಲು ಹೋಗುವ ಗಂಡಸರ ಬ್ಯಾಟರಿಯವು. ಬೆಳಕು ಮಂದವಾದರೆ ಅವನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಡುವುದು ರೂಢಿ.

ಮಲ್ಲಿಕಾ ಕತ್ತು ಓರೆ ಮಾಡಿ ಮೊರವನ್ನು ನೋಡಿದಳು. ನಗಲಿಲ್ಲ.

"ಇವು ಸತ್ತಾವ ಅತ್ತಿ."

"ಬಿಸಲಿಗಿಟ್ರ ಇನ್ನೊಂದೆರಡ ದಿನ ಜೀವ ಹಿಡಿತಾವ. ನೀ ಇಡಂಗಿಲ್ಲೇನು ನಿನ್ನವನ್ನ?"

"ನನ್ನವಕ್ಕ ಬಿಸಲ ಬ್ಯಾಡ. ಮೈಶಾಖ ಬೇಕು."

"ಯಾರ ಮೈಶಾಖ?"

"ಯಾರದೂ ಅಲ್ಲ. ಒಂದು ಪೆಟಗಿ ಅದ. ಮನಷ್ಯಾರ ಮೈ ಎಷ್ಟು ಬೆಚ್ಚಗ ಇರ್ತದೋ ಅಷ್ಟೇ ಬೆಚ್ಚಗ ಇರ್ತದ. ಅದರಾಗ ಇಡ್ತೀವಿ."

"ಕೋಳಿ ಕಾವಿಗಿ ಕುಂತಂಗ."

"ಹಾಂ, ಹಂಗೇ."

ಆಮೇಲೆ ಅಂಗಳದ ಕಟ್ಟೆಯ ಮೇಲೆ ಕೂತು ಅವಳು ಅತ್ತೆಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಮೈ ಎಂಬುದೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳಿಂದ ಆದದ್ದು, ಅವಕ್ಕೇ ಸೆಲ್ ಎನ್ನುವುದು ಎಂದು.

"ಅದರಾಗ ಕೆಲವು ಕಾವಲ ತಿರಗೂವು. ಖರೇ ಅಂದ್ರ ಅವು ನಿನ್ನಂಗ ಅತ್ತಿ. ಎದುರ ಬಂದವರನ್ನೆಲ್ಲ ನಿಂದರಿಸಿ ಯಾರ ಪೈಕಿ ಅಂತ ಕೇಳ್ತಾವ. ನಮ್ಮ ಪೈಕಿ ಅಂದ್ರ ಬಿಡ್ತಾವ. ಅಲ್ಲಂದ್ರ ಕೊಂದ ಹಾಕ್ತಾವ."

"ನಾ ಯಾರನ್ನೂ ಕೊಂದಿಲ್ಲವಾ."

"ಚಾ ಕೊಡದಂಗ ಕಳಸೀಯಲ್ಲ."

ಅತ್ತೆಗೆ ನಗು ಬಂತು. ಆದರೆ ಪ್ರಶ್ನೆ ಮುಗಿದಿರಲಿಲ್ಲ. "ಹಂಗಾದ್ರ ಕ್ಯಾನ್ಸರಿಗಿ ಯಾಕ ಬಿಡ್ತಾವ?"

"ಅದು ಹೊರಗಿಂದ ಬಂದದ್ದಲ್ಲ ಅತ್ತಿ. ನಮ್ಮದೇ ಸೆಲ್, ದಾರಿ ಬಿಟ್ಟದ್ದು. ಕಾವಲಿನವ ಕೇಳಿದ್ರ ನಿಮ್ಮ ಪೈಕಿನೇ ಅಂತದ. ಸುಳ್ಳೂ ಅಲ್ಲ ಅದು. ಅದಕ್ಕ ಬಿಟ್ಟಬಿಡ್ತಾನ. ಬಿಡಬ್ಯಾಡ, ಇನ್ನೊಮ್ಮಿ ಖಡಕ್ಕಾಗಿ ಕೇಳು, ಮಾರಿ ನೋಡಿ ಗುರ್ತ ಹಿಡಿ ಅಂತ ಆ ಕಾವಲಿನವಗ ಕಲಸೂದೇ ನನ್ನ ಕೆಲಸ."

ನೀಲಗಂಗಮ್ಮ ಗಲ್ಲದ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದಳು. "ನನಗ ತೋರಸ್ತಿಯೇನು?" ಎಂದು ಕೇಳಿದಳು ಕೊನೆಗೆ.

"ಮುಂದಿನ ಸಲ ಕರ್ಕೊಂಡ ಹೋಗ್ತೀನಿ."

ಅತ್ತೆ ಪ್ರತಿ ದೀಪಾವಳಿಗೂ ಕೇಳಿದಳು. ಮಲ್ಲಿಕಾ ಪ್ರತಿ ದೀಪಾವಳಿಗೂ ಮುಂದಿನ ಸಲ ಎಂದಳು. ಕೆಂಪು ಬಾಳೆಯ ಒಂದು ಚಿಪ್ಪು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು.

*

"ಯಾವ ಸೆಲ್ಲವಾ?" ಎಂದು ಕೇಳಿದಳು ನೀಲಗಂಗಮ್ಮ. "ಪೆಟಗ್ಯಾಗ ಇಡೂವಾ?"

ಮುಬಶ್ಶಿರಾಳಿಗೆ ಹೋದ ಜೀವ ಬಂದಂತಾಯಿತು. "ಹೌದ್ರಿ ಅಮ್ಮಾ. ಮೇಡಂ ಹೊಟ್ಟ್ಯಾಗಿನ ಕ್ಯಾನ್ಸರ್ ಗಡ್ಡಿ ಆಪರೇಷನ್ ಮಾಡಿ ತೆಗದ್ರಲ್ರಿ. ಅದರದು ಒಂದು ಚೂರು ಮೇಡಂ ತಾವೇ ಸಹಿ ಮಾಡಿ ನಮ್ಮ ಲ್ಯಾಬಿಗಿ ಕೊಟ್ರು. ಅದರಾಗ ಕಾವಲಿನ ಸೆಲ್ಲೂ ಇದ್ವು. ಗಡ್ಡಿ ಒಳಗೇ ಹೊಕ್ಕಿದ್ರೂ ಏನೂ ಮಾಡದಂಗ ಸುಮ್ಮ ಕುಂತಿದ್ವು. ಅವನ್ನ ಬ್ಯಾರೆ ಮಾಡಿ ಬೆಳಸೀನ್ರಿ ನಾ."

"ಈಗ?"

"ಈಗೂ ಬೆಳಿಲಕತ್ತಾವ್ರಿ."

"ಜೀವ ಅದಾವ?"

"ಅದಾವ್ರಿ."

ಮೂಲೆಯಲ್ಲಿ ಭಜನೆಗೆ ತಾಳ ಹಿಡಿದವನ ಕೈ ನಿಂತಿತು. ಸುದ್ದಿ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಂಗಳಕ್ಕೆ ಹರಿಯಿತು. ಬೀದಿ ಮುಟ್ಟುವಷ್ಟರಲ್ಲಿ ಅದು "ಮಲ್ಲಿಕಾ ಉಸರಾಡ್ಲಕತ್ತಾಳಂತ" ಎಂದಾಗಿ, ಯಾರೋ ಪುಣ್ಯಾತ್ಮರು ಆಂಬುಲೆನ್ಸಿಗೆ ಫೋನು ಹಚ್ಚಿದ್ದರು. ಜಗದೇವಪ್ಪ ಹೊರಗೆ ಹೋಗಿ ಅವರನ್ನು ಬೈದು ಬಂದ. ಬಂದವನ ಮುಖ ಬಿಗಿದಿತ್ತು.

"ಅಂದ್ರ ನನ್ನ ತಂಗೀ ಮೈಯಾಗಿನ ಒಂದು ಭಾಗ ಅಲ್ಲೇ ಅದ. ಇಲ್ಲಿ ನಾವು ಅರೆಬರೆ ಮಣ್ಣ ಮಾಡೂದಾ? ಆಗಂಗಿಲ್ಲ. ತರಸ್ರಿ ಅದನ್ನ. ಅಪ್ಪನ ಕಾಲಿಗಿ ಮಾಡಿದಂಗ ಮಾಡೂನು."

*

ಅಪ್ಪನ ಕಾಲಿನ ಕತೆ ಊರಿಗೇ ಗೊತ್ತಿತ್ತು. ನೀಲಗಂಗಮ್ಮನ ತಮ್ಮ, ಅಂದರೆ ಈ ಇಬ್ಬರ ಅಪ್ಪ, ಸಕ್ಕರೆ ಕಾಯಿಲೆಯಲ್ಲಿ ಬಲಗಾಲು ಕಳೆದುಕೊಂಡಿದ್ದ. ಮೊಣಕಾಲ ಕೆಳಗೆ ಕಡಿದ ಮೇಲೆ ಆಸ್ಪತ್ರೆಯವರು ಅದನ್ನೇನು ಮಾಡೋಣ ಎಂದಾಗ, "ನಂದದು, ನಾನೇ ಒಯ್ತೀನಿ," ಎಂದು ಹಟ ಹಿಡಿದು, ಧೋತರದಲ್ಲಿ ಸುತ್ತಿಸಿಕೊಂಡು ಊರಿಗೆ ತಂದಿದ್ದ. ತೋಟದ ಬದುವಿನಲ್ಲಿ ಕುಣಿ ತೋಡಿ, ವಿಭೂತಿ ಹಚ್ಚಿ, ಪತ್ರಿ ಹಾಕಿ ಹೂಳಿದರು. ಆಮೇಲೆ ಊರುಗೋಲು ಊರಿಕೊಂಡು ಅತ್ತ ಹೋದಾಗಲೆಲ್ಲ "ಏನಪಾ, ಆರಾಮ ಅದಿಯಾ?" ಎಂದು ಮಾತಾಡಿಸುತ್ತಿದ್ದ. "ಬಸ್ಸಿನಾಗ ಟವಲ್ ಹಾಕಿ ಸೀಟ್ ಹಿಡದಂಗ ನನ್ನ ಕಾಲು ಮುಂದ ಹೋಗಿ ಜಾಗಾ ಹಿಡದದ," ಎಂದು ನಗುತ್ತಿದ್ದ.

ಆಗ ಮಲ್ಲಿಕಾ ಕಾಲೇಜಿನ ಹುಡುಗಿ. ಮಣ್ಣಿನ ಗುಡ್ಡೆಯ ಮುಂದೆ ಕತ್ತು ಓರೆ ಮಾಡಿ ನಿಂತು ಕೇಳಿದ್ದಳು. "ಅಪ್ಪಾ, ಇಲ್ಲಿರೂದು ನೀನೇ ಏನು?"

"ನಾನೇ ಮಗಳ. ಸ್ವಲ್ಪ ನಾನು."

ಆ ಉತ್ತರ ಅವಳಿಗೆ ಸಾಲದಾಯಿತೋ ಏನೋ, ದಿನವೆಲ್ಲ ಅದನ್ನೇ ಯೋಚಿಸುತ್ತ ಓಡಾಡಿದ್ದಳು. ಕೆಲವು ವರ್ಷದ ಮೇಲೆ ಅಪ್ಪ ಸತ್ತಾಗ ಕಾಲಿನ ಪಕ್ಕಕ್ಕೇ ಅವನನ್ನು ಕೂರಿಸಿ ಮಣ್ಣು ಮಾಡಿದರು. ಇವತ್ತು ಮಲ್ಲಿಕಾಳ ಕುಣಿಯನ್ನು ಅವನ ಪಕ್ಕಕ್ಕೆ ತೋಡುತ್ತಿದ್ದರು.

*

"ತಂದ್ರ ಸಾಯ್ತಾವ್ರಿ ಅಣ್ಣಾ," ಎಂದಳು ಮುಬಶ್ಶಿರಾ.

"ಸಾಯ್ಲಿ. ಆಕೀನೇ ಹೋಗ್ಯಾಳ, ಅವು ಇದ್ದು ಏನ ಮಾಡ್ತಾವ?" ಎಂದವನು ತಟ್ಟನೆ ನಿಂತು ಕೇಳಿದ. "ಗಡ್ಡೀದೂ ಜೀವ ಅದ ಏನು?"

ಅವಳು ಸುಳ್ಳು ಹೇಳಲಿಲ್ಲ. "ಅದರಿ. ಅದನ್ನೂ ಬೆಳಸ್ಬೇಕಾಗ್ತದ. ಅದಿಲ್ಲಂದ್ರ ಕಾವಲಿನವಕ್ಕ ಗುರ್ತ ಹಿಡಿಲಿಕ್ಕೆ ಕಲಸೂದು ಹೆಂಗ್ರಿ?"

"ನನ್ನ ತಂಗೀನ ತಿಂದದ್ದಕ್ಕ ದಿನಾ ಅನ್ನ ಹಾಕ್ತೀರಿ ನೀವು."

ಮುಬಶ್ಶಿರಾಳ ಕಣ್ಣು ತುಂಬಿದವು. ಅವನು ಹೇಳಿದ್ದು ಕ್ರೂರವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಎಲ್ಲರೂ ಮಠದ ಅಯ್ಯನವರ ಕಡೆ ನೋಡಿದರು. ಅವರು ಪತ್ರಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ ಗಂಟಲು ಸರಿಮಾಡಿಕೊಂಡರು.

"ಗಾಜಿನ ಬಾಟ್ಲ್ಯಾಗಿನ ಜೀವದ ಸುದ್ದಿ ನಮ್ಮ ಹಿರೇರು ಹೇಳಿಲ್ಲಪಾ. ಕಾಲಿನ ಸುದ್ದೀನೂ ಹೇಳಿದ್ದಿಲ್ಲ. ಅದನ್ನ ನಿಮ್ಮಪ್ಪ ತಾನೇ ಮಾಡಿದ. ಇದನ್ನ ಮನಿ ಹಿರೇರು ಹೇಳಬೇಕು."

ಮನೆಯ ಹಿರಿಯಳು ಮುಬಶ್ಶಿರಾಳನ್ನೇ ನೋಡುತ್ತಿದ್ದಳು. "ನೀ ಬರೇ ಮಣ್ಣಿಗಿ ಬಂದಂಗ ಕಾಣಂಗಿಲ್ಲ. ಏನೋ ಹೇಳ್ಲಿಕ್ಕೆ ಬಂದೀದಿ. ಏನದು?"

ಹುಡುಗಿ ಓಢಣಿಯ ಅಂಚಿನಿಂದ ಮೂಗು ಒರೆಸಿಕೊಂಡಳು. "ಇವತ್ತು ಮುಂಜಾನಿ ಇಲ್ಲಿಗಿ ಬರೂಮುಂದ ನೋಡಿದೆ ಅಮ್ಮಾ. ಇಷ್ಟು ದಿನ ಎರಡೂ ಸೆಲ್ ಜೋಡಿ ಇಟ್ರೂ ಬಾಜೂಕ ಸುಮ್ಮ ಕುಂದರತಿದ್ವು. ಇವತ್ತು ಗಡ್ಡಿ ಸೆಲ್ಲಿನ ಸುತ್ತ ಮುತ್ಯಾವ. ಮೊದಲನೇ ಸಲ ಗುರ್ತ ಹಿಡದಾವ. ಮೇಡಂಗ ಹೇಳಬೇಕಂತ ಫೋನ್ ಹಚ್ಚೇಬಿಟ್ಟೆ. ರಿಂಗ್ ಆಗ್ಲಕತ್ತಿದ ಮ್ಯಾಲ ನೆ‌ನಪಾತು."

ಜಗದೇವಪ್ಪನ ಕೈ ತಾನಾಗಿ ಕಿಸೆಯ ಮೇಲೆ ಹೋಯಿತು. ಮುಂಜಾನೆ ಆ ಫೋನು ಬಡಿದುಕೊಂಡಿದ್ದು, ತಾನು ಎತ್ತದೆ ಬಿಟ್ಟದ್ದು ಅವನಿಗೂ ನೆನಪಾಯಿತು.

"ಹಂಗಾದ್ರ ಹೇಳು," ಎಂದಳು ನೀಲಗಂಗಮ್ಮ. "ಇಲ್ಲೇ ಕುಂತಾಳಲ್ಲ. ಬಂದ ಹೇಳು. ಎಡಗಡಿ ಕಿವ್ಯಾಗ ಹೇಳು, ಆ ಕಡೀನೇ ವಾಲ್ಯಾಳ."

ಹೆಂಗಸರಲ್ಲಿ ಗುಸುಗುಸು ಎದ್ದಿತು. ನೀಲಗಂಗಮ್ಮ ಒಮ್ಮೆ ಕಣ್ಣು ಬಿಟ್ಟಳು, ಗುಸುಗುಸು ನಿಂತಿತು. ಮುಬಶ್ಶಿರಾ ಮೊಣಕಾಲೂರಿ, ಮಲ್ಲಿಕಾಳ ಕಿವಿಯ ಹತ್ತಿರ ಬಾಯಿಟ್ಟು ಬಹಳ ಹೊತ್ತು ಹೇಳಿದಳು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಕೊನೆಯದೊಂದು ಮಾತ್ರ ಅವಳ ಮನೆಯ ಮಾತಿನಲ್ಲಿ ಬಂತು, ಅದು ಎಲ್ಲರಿಗೂ ಕೇಳಿಸಿತು: "ಪಹಚಾನ್ ಲಿಯೇ ಮೇಡಂ." ಗುರುತು ಹಿಡಿದುಬಿಟ್ಟವು ಎಂದು.

ವಾಲಿದ ತಲೆ ಅದನ್ನೆಲ್ಲ ಕೇಳಿಸಿಕೊಂಡಂತೆಯೇ ಇತ್ತು. ಜಗದೇವಪ್ಪ ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

"ಜಗದೇವ," ಎಂದು ಕರೆದಳು ಅತ್ತೆ. "ಗೊನಿ ಇಳಿಸಿದ ಮ್ಯಾಲ ತಾಯಿ ಬಾಳಿ ಕಡದ ಹಾಕ್ತಿ. ಬುಡದಾಗಿನ ಮರೀನೂ ಕಿತ್ತು ಅದರ ಸಂಗಾಟ ಹೂಳ್ತಿಯೇನು?"

"ಅದು ಬಾಳಿ ಅತ್ತಿ. ಇದು ಮನಷ್ಯಾಳು." ಅವನು ಗೋಡೆ ಬಿಟ್ಟು ಇತ್ತ ತಿರುಗಿದ. "ನನ್ನ ತಂಗಿ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಇರೂದು ನನಗ ತಡಕೊಳ್ಳಾಕ ಆಗಂಗಿಲ್ಲ. ಅದು ಆಕಿ ಅಲ್ಲಂದ್ರ ಲ್ಯಾಬಿನವರು ಇಟ್ಕೊಳ್ಳಿ. ಆಕಿ ಹೌದಂದ್ರ, ತಂದು ಆಕಿ ಬಾಜೂಕ ಇಡಬೇಕು. ನೀನೇ ಹೋಗಿ ನೋಡು. ಹುಟ್ಟಿದಾಗಿಂದ ಆಕೀ ಗುರ್ತ ನಿನಗೇ ಹೆಚ್ಚಿಂದು. ನೀ ಏನಂತಿ ಅದ. ಮೂರನೇ ದಿನ ಮಣ್ಣಿಗಿ ಹಾಲ ಹಾಕ್ಲಿಕ್ಕೆ ಹೋಗ್ತೀವಲ್ಲ, ಆವತ್ತು ಇಡೂನು."

ನ್ಯಾಯ ಸರಿಯಾಗಿತ್ತು. ಯಾರೂ ಎದುರಾಡಲಿಲ್ಲ. ಮುಬಶ್ಶಿರಾಳ ಮುಖ ಮಾತ್ರ ಬಿಳಿಚಿತು. ಮೇಡಮ್ಮನ ಕೊನೆಯ ಕೆಲಸವೆಲ್ಲ ಈಗ ಒಬ್ಬ ಮುದುಕಿಯ ಒಂದು ಮಾತಿನ ಮೇಲೆ ನಿಂತಿತ್ತು.

*

ಬಿಸಿಲು ಇಳಿಯುವ ಹೊತ್ತಿಗೆ ಮಣ್ಣಾಯಿತು. ಕೆಂಪು ಬಾಳೆಯ ಸಾಲಿನ ನಡುವೆ ಹೆಣದ ವಿಮಾನ ಹೊತ್ತು ನಡೆದವರ ಹೆಗಲಿಗೆ ಎಲೆಗಳು ತಾಗಿ ಹರಿದವು. ಕುಣಿಯ ಗೂಡಿನಲ್ಲಿ ಕೂರಿಸಿದಾಗಲೂ ಮಲ್ಲಿಕಾ ಎಡಕ್ಕೇ ವಾಲಿದಳು, ಅಪ್ಪ ಇದ್ದ ಕಡೆಗೆ. ಅಯ್ಯನವರು ಪತ್ರಿ ಏರಿಸಿದರು. ಮುಬಶ್ಶಿರಾಳ ಮನೆತನದಲ್ಲಿ ಹೆಣ್ಣುಮಕ್ಕಳು ಮಣ್ಣಿಗೆ ಹೋಗುವ ರೂಢಿ ಇರಲಿಲ್ಲ. ಆದರೂ ಮಣ್ಣು ಕೊಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಲಿಲ್ಲ. ಮುಷ್ಟಿ ಬಿಗಿಹಿಡಿದು, ತುಟಿಯಲ್ಲೇ ಏನೋ ಓದಿ, ಮೆಲ್ಲಗೆ ಬಿಟ್ಟಳು.

ಕೊಳವೆ ಬಾವಿಯ ನೀರಿಗೆ ಕೈಕಾಲು ತೊಳೆದುಕೊಂಡು ಜನ ಒಬ್ಬೊಬ್ಬರಾಗಿ ಹೊರಟರು. ಯಾರೂ ಯಾರಿಗೂ ಹೇಳಲಿಲ್ಲ, ಹಿಂದಿರುಗಿ ನೋಡಲಿಲ್ಲ. ಸಾವಿನ ಮನೆಯಿಂದ ಹೊರಡುವುದೇ ಹಾಗೆ. "ಬರ್ತೀನಿ" ಎಂಬ ಮಾತು ಬದುಕಿದವರ ನಡುವಿನದು, ಅದನ್ನು ಅಲ್ಲಿ ಆಡಿದರೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದಂತೆ.

ಮುಬಶ್ಶಿರಾಳಿಗೆ ಅವಸರವಿತ್ತು. ಸಂಜೆಯೊಳಗೆ ಸೆಲ್ಲುಗಳಿಗೆ ಊಟ ಹಾಕಬೇಕಿತ್ತು. ಚಪ್ಪಲಿ ಮೆಟ್ಟಿ, ದಿನಾ ಲ್ಯಾಬಿನಿಂದ ಹೊರಡುವಾಗ ಮೇಡಮ್ಮನಿಗೆ ಹೇಳುವ ಹಾಗೆ ಹೇಳಿಬಿಟ್ಟಳು. "ಬರ್ತೀನ್ರಿ ಅಮ್ಮಾ."

ನಡೆಯುತ್ತಿದ್ದವರು ಗಕ್ಕನೆ ನಿಂತರು. "ಶಿವ ಶಿವಾ, ಸಾವಿನ ಮನ್ಯಾಗ ಬರ್ತೀನಿ ಅಂತಾರೇನ್ ತಂಗಿ?" ಎಂದಳೊಬ್ಬಳು. ಹುಡುಗಿ ನಾಲಗೆ ಕಚ್ಚಿಕೊಂಡಳು.

"ಆಕಿ ಯಾಕ ಬರ್ತಾಳ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು ನೀಲಗಂಗಮ್ಮ. "ನಾನೇ ಹೊಂಟೀನಲ್ಲ ಆಕೀ ಸಂಗಾಟ. ಜಗದೇವ, ಗಾಡಿ ತಗಿ."

"ಇವತ್ತೇ? ಈಗಿನ್ನ ಮಣ್ಣ ಕೊಟ್ಟು ಬಂದೀವಿ."

"ಲಿಂಗ ಕಟ್ಟಿದವರಿಗಿ ಸೂತಕ ಇಲ್ಲ. ಸೆಲ್ಲಿಗಿ ಹಸಿವು ಅದಂತ. ನಡಿ."

ಬಾಳೆಗೊನೆ ಸಾಗಿಸುವ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ಜಗದೇವಪ್ಪ ಓಡಿಸಿದ. ತಾಜಸುಲ್ತಾನಪುರ ಬಂದರೂ ಅತ್ತೆಯ ವಿಚಾರಣೆ ಮುಗಿದಿರಲಿಲ್ಲ.

"ಆಕೀ ಸೆಲ್ ಆಕಿ ಕೈಲೇ ಯಾಕ ಬೆಳಸಲಿಲ್ಲ? ನಿನ್ನ ಕೈಗ್ಯಾಕ ಕೊಟ್ಟಳು?"

"ತಮ್ಮ ಸೆಲ್ ತಾವು ಮುಟ್ಟಬಾರ್ದಂತ ನೇಮ ಅದರಿ."

"ಯಾಕ?"

"ತಪ್ಪಿ ಸೂಜಿ ಚುಚ್ಚಿ ಮೈಯಾಗ ಹೋತಂದ್ರ, ಮೈ ಅದನ್ನ ತಡ್ಯಂಗಿಲ್ಲರಿ. ನಮ್ಮ ಪೈಕಿ ಅಂತ ಬಿಟ್ಟಬಿಡ್ತದ. ಬ್ಯಾರೇದವರ ಮೈಯಾಗ ಹೋದ್ರ ಅವರ ಕಾವಲು ಕೊಂದ ಹಾಕ್ತದ. ಅದಕ್ಕ ಬ್ಯಾರೇದವರೇ ನೋಡ್ಕೋಬೇಕು."

ನೀಲಗಂಗಮ್ಮ ಇದನ್ನು ಬಾಯಲ್ಲಿ ಬೆಲ್ಲ ಇಟ್ಟುಕೊಂಡವಳ ಹಾಗೆ ನಿಧಾನಕ್ಕೆ ಕರಗಿಸಿಕೊಂಡಳು. "ಅಂದ್ರ ನೀ ಆಕಿ ಪೈಕಿ ಅಲ್ಲಂತನೇ ನಿನ್ನ ಕೈಗಿ ಕೊಟ್ಟಾಳ."

"ಹೌದ್ರಿ."

"ಮುಂಜಾನಿ ನಾ ಕೇಳಿದಾಗ ಹಂಗೇ ಹೇಳೂದಿಲ್ಲೇನು ಮತ್ತ?"

ಆ ದಿನ ಮೊದಲ ಸಲ ಮುಬಶ್ಶಿರಾಳ ತುಟಿಯಲ್ಲಿ ಸಣ್ಣ ನಗು ಬಂತು. ಮುದುಕಿ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡಳು. ಜಗದೇವಪ್ಪ ಓರೆಗಣ್ಣಿನಲ್ಲಿ ಅದನ್ನು ನೋಡಿ ಮತ್ತೆ ದಾರಿ ನೋಡಿದ.

ಲ್ಯಾಬು ಊರಿನ ಆಚೆ ಮಗ್ಗುಲು, ಶರಣಸಿರಸಗಿಯ ಹೊಸ ಲೇಔಟುಗಳ ಅಂಚಿನಲ್ಲಿತ್ತು. ಜಗದೇವಪ್ಪ ಮೆಟ್ಟಿಲು ಹತ್ತಿ ಬಂದರೂ ಒಳಗೆ ಬರಲು ಒಪ್ಪಲಿಲ್ಲ. "ಗಡ್ಡಿ ಇದ್ದಲ್ಲಿ ನಾ ಬರಂಗಿಲ್ಲ," ಎಂದು ಬಾಗಿಲಾಚೆ ನಿಂತ. ನೀಲಗಂಗಮ್ಮ ಚಪ್ಪಲಿ ಬಿಟ್ಟು, ಕೈ ತೊಳೆದು, ಕೊಟ್ಟ ಟೊಪ್ಪಿಗೆಯಲ್ಲಿ ಬಿಳಿ ಕೂದಲು ತುರುಕಿಕೊಂಡಳು. ಇಷ್ಟು ಮಡಿ ತಮ್ಮ ದೇವರ ಖೋಲಿಯಲ್ಲೂ ಇಲ್ಲವಲ್ಲ ಎಂದು ಅವಳಿಗೆ ಬೆರಗಾಯಿತು.

ಮುಬಶ್ಶಿರಾ ಪೆಟ್ಟಿಗೆಯಿಂದ ಚಪ್ಪಟೆಯಾದೊಂದು ಪುಟ್ಟ ಸೀಸೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅದರಲ್ಲಿ ತೆಳು ಗುಲಾಬಿ ನೀರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಇಷ್ಟೇ ಏನು?"

"ಇದರಾಗ ನೋಡ್ರಿ."

"ಏನೂ ಕಾಣವಲ್ದು. ಕರೀ ಕೂದಲಾ ಕಾಣ್ತಾವ."

"ಅವು ನಿಮ್ಮ ಕಣ್ಣಿನ ರೆಪ್ಪಿರಿ ಅಮ್ಮಾ. ಸ್ವಲ್ಪ ಹಿಂದ ಸರೀರಿ. ಕುತ್ತಿಗಿ ಎಡಕ್ಕ ಹೊಳ್ಳಸ್ರಿ. ಮೇಡಂ ಹಂಗೇ ನೋಡ್ತಿದ್ರು."

ನೀಲಗಂಗಮ್ಮ ಕತ್ತನ್ನು ಎಡಕ್ಕೆ ಹೊರಳಿಸಿದಳು. ಮೊದಲು ಬರೀ ಬೆಳಕು. ಆಮೇಲೆ, ಮಂಜು ಸರಿದಂತೆ, ಅವು ಕಂಡವು. ನಡುವೆ ದೊಡ್ಡವು ಒಂದೆರಡು, ಅಂಕುಡೊಂಕು. ಅವುಗಳ ಸುತ್ತ ಸಣ್ಣ ಸಣ್ಣ ದುಂಡನೆಯವು ಒತ್ತೊತ್ತಾಗಿ, ಮುಂಜಾನೆ ಪಡಸಾಲೆಯಲ್ಲಿ ಜನ ನಿಂತ ಹಾಗೆ. ಅಂಚಿನಿಂದ ಇನ್ನೂ ಕೆಲವು ಬರುತ್ತಲೇ ಇದ್ದವು. ದೂರದ ಊರಿನಿಂದ ಸುದ್ದಿ ಕೇಳಿ ಹೊರಟವರ ಹಾಗೆ, ತಡೆದು, ನಿಂತು, ಮತ್ತೆ ಮುಂದಕ್ಕೆ. ನೋಡುತ್ತ ನೋಡುತ್ತ ಅವಳ ಬಾಯಿ ತೆರೆಯಿತು. ಕಂಡವರನ್ನೆಲ್ಲ ಕೇಳುವ ಪ್ರಶ್ನೆ ನಾಲಗೆಯ ತುದಿಯವರೆಗೂ ಬಂದು ಅಲ್ಲೇ ನಿಂತಿತು.

"ಅತ್ತಿ," ಎಂದ ಬಾಗಿಲಾಚೆಯಿಂದ ಜಗದೇವಪ್ಪ. "ಆಕೀನೇ ಏನು?"

ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಹಿಂದೆ ಸರಿದಳು. ಮುಬಶ್ಶಿರಾ ಸೀಸೆ ಎತ್ತಿ, ಹಳೆಯ ನೀರು ಹೀರಿ ತೆಗೆದು ಹೊಸದು ಹಾಕಿದಳು. ಊಟ ಮುಗಿಸಿದ ಸೆಲ್ಲುಗಳನ್ನು ಪೆಟ್ಟಿಗೆಯೊಳಗಿಟ್ಟು ಒಳಗಿನ ಗಾಜಿನ ಬಾಗಿಲು ಮುಚ್ಚಿ ಪಕ್ಕಕ್ಕೆ ಸರಿದಳು.

ನೀಲಗಂಗಮ್ಮ ಆ ಗಾಜಿನ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಜ್ವರದ ಬಿಸಿಯಲ್ಲ, ಒಲೆಯ ಬಿಸಿಯಲ್ಲ. ನಿದ್ದೆ ಹೋದ ಮಗುವಿನ ಹಣೆಯ ಬಿಸಿ. ಮುಂಜಾನೆ ತಣ್ಣನೆಯ ಹಣೆಯಿಂದ ಬೇಗ ತೆಗೆದ ಅದೇ ಕೈಯನ್ನು ಈಗ ಅವಳು ತೆಗೆಯಲೊಲ್ಲಳು. ಕಣ್ಣೀರು ಮೂಗಿನ ಪಕ್ಕಕ್ಕೆ ಇಳಿದು ಬಾಯಿಗೆ ಬಂದರೂ ಒರೆಸಿಕೊಳ್ಳಲಿಲ್ಲ.

"ಅತ್ತಿ, ಕೇಳ್ಲಕತ್ತೀನಲ್ಲ. ಆಕೀನೇ ಏನು?"

ಮುದುಕಿ ಗಾಜನ್ನು ಎರಡು ಸಲ ಮೆಲ್ಲಗೆ ತಟ್ಟಿದಳು.

"ಬರ್ತೀನವಾ ಮಲ್ಲಿ," ಎಂದಳು.

"ಹಂಗಾದ್ರ ಇಲ್ಲೇ ಇರ್ಲಿ," ಎಂದ ಜಗದೇವಪ್ಪ ಬಾಗಿಲಾಚೆಯಿಂದ. ಆಮೇಲೆ ಕಿಸೆಯಿಂದ ಗಾಡಿಯ ಕೀಲಿ ತೆಗೆದ ಸದ್ದು, ಅವನು ಮೆಟ್ಟಿಲು ಇಳಿದುಹೋದ ಸದ್ದು ಕೇಳಿಸಿತು.